ಸಾಕ್ಷಿಗೆ ಮುಂಚೆ ಚಾವಟಿ

ಅಥೆನ್ಸಿನಲ್ಲಿ ದಾಸರ ವಿಚಾರಣೆ ನಡೆಯುವ ಗುಡಿಯಂಗಳದ ಬಾಗಿಲಲ್ಲಿ ಆಲಿವ್ ಮಾರುತ್ತಿದ್ದ ಮಿರ್ಟಿಸ್ ಕಿವಿ ನಿಮಿರಿಸಿದಳು. ಫೀಡಾನ್ ಎಂಬ ತರುಣ, ಕೊಲೆ ಆರೋಪ ಹೊತ್ತ ಅಪ್ಪನ ಪರ ಸಾಕ್ಷಿ ಹೇಳಿಸಲು ತನ್ನನ್ನು ಸಾಕಿದ ಮುದಿ ದಾಸಿಯನ್ನೇ ಎಳೆತಂದಿದ್ದ. ಗೆಳೆಯ ಕ್ಲೀನಿಯಸ್ ಅಡ್ಡ ನಿಂತಿದ್ದ.

“ಚಾವಟಿ ಬೀಳದೆ ದಾಸಿ ಮಾತು ಸಾಕ್ಷಿಯಾಗಲ್ಲ. ಕಾನೂನು ಕಣೋ,” ಎಂದ ಫೀಡಾನ್.

“ಕಾನೂನು ಇವಳನ್ನ ಚಾವಟಿಗೆ ಒಪ್ಪಿಸಬಹುದು ಅನ್ನುತ್ತೆ. ಒಪ್ಪಿಸಲೇಬೇಕು ಅನ್ನುತ್ತಾ?”

“ಇವಳ ಬೆನ್ನು ಸುಲಿದ್ರೆ ಅಪ್ಪನ ತಲೆ ಉಳಿಯುತ್ತೆ. ಯಾವುದು ದೊಡ್ಡದು?”

“ತಲೆ ಉಳೀಲಿ. ಆಮೇಲೆ ನೀನು ಎಂಥವನಾಗಿ ಉಳೀತೀಯ?”

“ಹೊಡೆಯೋನು ನಾನಲ್ಲ. ನಿಂತು ನೋಡ್ತೀನಿ, ಅಷ್ಟೆ.”

“ಇವತ್ತು ಕಣ್ಣು ಮುಚ್ಕೋತೀಯ, ನಾಳೆ ರೂಢಿಯಾಗುತ್ತೆ. ಮನುಷ್ಯ ಕೆಡೋದೇ ಹಾಗೆ.”

“ಹಲ್ಲು ಉದುರಿಸ್ತೀನಿ ನೋಡು!” ಫೀಡಾನ್ ಗೆಳೆಯನ ಕುತ್ತಿಗೆ ಹಿಡಿದ.

ಒಳಗಿನಿಂದ ಚಾವಟಿಯವನು ಕೂಗಿದ.

ಮುದುಕಿ ಫೀಡಾನನ ಕೈ ಬಿಡಿಸಿ, ಅವನ ಹೆಗಲ ಬಟ್ಟೆ ಸರಿಮಾಡಿದಳು.

“ನಾಲ್ಕು ಆಲಿವ್ ತಿಂದ್ಕೊಂಡು ಬಾ ಮಗಾ. ಹಸಿದ ಹೊಟ್ಟೇಲಿ ರಕ್ತ ನೋಡಿದ್ರೆ ನಿಂಗೆ ತಲೆ ಸುತ್ತುತ್ತೆ,” ಎಂದವಳೇ ಒಳಗೆ ನಡೆದಳು.