ಇನ್ನೊಂದು ಕಾಲಿಗೆ ಒಂದು ಸಾಲು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ಎಲುಬಿನ ವಿಭಾಗದ ಮುಖ್ಯಸ್ಥರೂ ಆದ ಡಾಕ್ಟರ್ ಶಿವಯೋಗೀಶ ಅವರೇ, ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ಸಿಸ್ಟರುಗಳೇ, ಮತ್ತು ಉಪ್ಪಿಟ್ಟಿನ ವಾಸನೆ ಬಂದಾಗಿನಿಂದ ನನ್ನ ಕಡೆ ನೋಡುವುದನ್ನೇ ಬಿಟ್ಟಿರುವ ಸಭಿಕರೇ,

ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಸಂತೋಷ. ಆದರೆ ಖರೇ ಹೇಳಬೇಕೆಂದರೆ ನನಗೆ ಸಾಕಾಗಿದೆ. ಇಡೀ ನೌಕರಿಯನ್ನು ದಾಖಲೆ ವಿಭಾಗದಲ್ಲೇ ಕಳೆದೆ. ಕೇಸ್ ಪೇಪರ್ ಓದಿ, ಡಾಕ್ಟರು ಬರೆದ ರೋಗಕ್ಕೆ ತಕ್ಕ ಕೋಡ್ ಹಾಕುವುದು ನನ್ನ ಕೆಲಸ. ಬರೆದದ್ದಕ್ಕೆ ಮಾತ್ರ. ಬರೆಯದೇ ಇದ್ದದ್ದು ನನಗೆ ಗೊತ್ತಿದ್ದರೂ ಗೊತ್ತಿಲ್ಲದಂತೆ ಇರಬೇಕು. ಅದಕ್ಕೇ ಡಾಕ್ಟರಿಗೆ ಚೀಟಿ ಕಳಿಸುತ್ತಿದ್ದೆ: ಮುರಿದದ್ದು ಯಾವ ಕಡೆಯ ಚಪ್ಪೆ, ಎಡಸೊಂಟವೋ ಬಲಸೊಂಟವೋ? ಹೇಗೆ ಬಿದ್ದರು? ದಯವಿಟ್ಟು ಬರೆಯಿರಿ. 'ಬಂತು ನೋಡ್ರಿ ರಮಾಕಾಂತರ ಚೀಟಿ' ಎಂದು ನೀವು ನಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

ಇನ್ನು ನಮ್ಮೂರಿನ ಬಚ್ಚಲುಗಳು! ಚಪ್ಪೆಯ ಎಲುಬು ಮುರಿದುಕೊಂಡು ಬಂದವರೆಲ್ಲ ಬಚ್ಚಲಲ್ಲೇ ಬಿದ್ದವರು ಎನ್ನುತ್ತವೆ ನಮ್ಮ ಪೇಪರುಗಳು. ಹುಬ್ಬಳ್ಳಿಯ ಹಿರಿಯರು ಬೇರೆಲ್ಲೂ ಕಾಲಿಡುವುದೇ ಇಲ್ಲವೇ? ಬಿದ್ದವರನ್ನು ನಾವು ಕೇಳುವುದಿಲ್ಲ, ಕರೆತಂದವರನ್ನು ಕೇಳುತ್ತೇವೆ. ಅವರು ಗಾಬರಿಯಲ್ಲಿ 'ಬಚ್ಚಲದಾಗ ಜಾರಿದ್ರರೀ' ಎನ್ನುತ್ತಾರೆ. ನಾವು ಬರೆದುಕೊಳ್ಳುತ್ತೇವೆ.

ಜಾರಿದ್ದು ಎಂದರೆ ಅಪಘಾತ. ರಾಡು ಹಾಕಿದರೆ ಮುಗಿಯಿತು. ನಿಂತಲ್ಲೇ ಕುಸಿದು ಮುರಿದರೆ ಎಲುಬೇ ಸವೆದಿದೆ ಎಂದರ್ಥ. ಅದಕ್ಕೆ ಬೇರೆ ಔಷಧ ಬೇಕು, ಇಲ್ಲದಿದ್ದರೆ ಇನ್ನೊಂದು ಕಾಲೂ ಹೋಗುತ್ತದೆ. ಇದನ್ನು ನನಗೆ ಕಲಿಸಿದವರೇ ಶಿವಯೋಗೀಶ ಸಾಹೇಬರು. ವಾರ್ಡಿನಲ್ಲಿ ಬಾಯಿತುಂಬ ಹೇಳುತ್ತಾರೆ, ಬರೆಯಲು ಪುರುಸೊತ್ತಿಲ್ಲ. ಒಂದು ಆಪರೇಷನ್ನಿನಿಂದ ಇನ್ನೊಂದಕ್ಕೆ ಓಡುವವರು, ಊಟದ ಡಬ್ಬಿಯನ್ನು ತೆರೆಯದೇ ಮನೆಗೆ ಒಯ್ದದ್ದನ್ನು ನಾನೇ ನೋಡಿದ್ದೇನೆ. ಆದರೆ ಬಿಡುಗಡೆಯ ದಿನ ಔಷಧ ಬರೆದುಕೊಡುವ ಕಿರಿಯ ಡಾಕ್ಟರು ಪೇಪರ್ ನೋಡುತ್ತಾರೆ. ಪೇಪರಿನಲ್ಲಿ ಇಲ್ಲದ ರೋಗಕ್ಕೆ ಔಷಧ ಎಲ್ಲಿಂದ ಬರಬೇಕು?

ಗಬ್ಬೂರಿನ ಚನ್ನಬಸವ್ವ ನೆನಪಿದ್ದಾರೆಯೇ? ರೊಟ್ಟಿ ಬಡಿದು ಏಳುವಾಗ ಬಿದ್ದವರು. 'ಬಚ್ಚಲಕ್ಕ ಯಾಕ ಬೈತೀರಿ, ಪಾಪ, ಅದೇನ ಮಾಡೇತಿ?' ಎಂದು ಮಲಗಿದಲ್ಲೇ ನಕ್ಕಿದ್ದರು. ಪೇಪರಿನಲ್ಲಿ ಬಚ್ಚಲೇ ಉಳಿಯಿತು. ಚೀಟಿಗೆ ಉತ್ತರ ಬರಲಿಲ್ಲ. ಮರುವರ್ಷ ಇನ್ನೊಂದು ಕಾಲು ಮುರಿದುಕೊಂಡು ಬಂದರು. ಆಗ ನಗಲಿಲ್ಲ. ಆಮೇಲೆ ಹಾಸಿಗೆ ಬಿಟ್ಟು ಏಳಲೂ ಇಲ್ಲ.

ಮನೆಯವರನ್ನು ಯಾಕೆ ಕರೆತರಲಿಲ್ಲ ಎಂದು ಎಲ್ಲರೂ ಕೇಳಿದಿರಿ. ಹೇಳಬಾರದು ಎಂದುಕೊಂಡಿದ್ದೆ. ನನ್ನ ಹೆಂಡತಿ ಕಾಶೀಬಾಯಿ ಇದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದಾಳೆ. ಹೋದ ವಾರ ಗೋಪನಕೊಪ್ಪದ ನಮ್ಮ ಮನೆಯಲ್ಲಿ, ಇವತ್ತಿನ ಸಮಾರಂಭಕ್ಕೆಂದು ಈ ಕೋಟನ್ನು ಬಿಸಿಲಿಗೆ ಹಾಕಲು ತಿರುಗಿದವಳು ನಿಂತಲ್ಲೇ ಕುಸಿದಳು. ಕರೆತಂದವನು ನಾನು. ಹೇಗೆ ಬಿದ್ದರು ಎಂದು ಡ್ಯೂಟಿ ಡಾಕ್ಟರು ಕೇಳಿದರು. ನನ್ನ ಬಾಯಿಂದ ಏನು ಬಂತು ಗೊತ್ತೇ? 'ಬಚ್ಚಲದಾಗ ಜಾರಿದ್ಲರೀ.'

ನಗಿರಿ. ಅವಳೂ ಬೈದಳು. 'ಇಷ್ಟು ವರ್ಷ ಮಂದಿಗೆಲ್ಲಾ ಚೀಟಿ ಕಳಿಸಿದ್ರಿ. ಕಡೀಕ ನನ್ನನ್ನೂ ಬಚ್ಚಲಕ್ಕ ನೂಕಿದ್ರೇನು?' ಎಂದಳು. ನನಗೆ ನಗು ಬರಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ನಾಳೆ ಅವಳ ಬಿಡುಗಡೆ. ನಾಳೆಯಿಂದ ನಾನು ಇಲ್ಲಿ ಯಾರೂ ಅಲ್ಲ. ಸಾಹೇಬರೇ, ಮೊನ್ನೆ ನೀವು ಅವಳ ಹಾಸಿಗೆಯ ಹತ್ತಿರ ನಿಂತು, 'ಎಲುಬು ಭಾಳ ಸವದಾವ್ರೀ ಅಮ್ಮಾರ, ಇನ್ನೊಂದ ಕಾಲು ಉಳಿಸ್ಕೋಬೇಕು' ಎಂದಿರಿ. ಪೇಪರಿನಲ್ಲಿ ಆ ಮಾತಿಲ್ಲ, ಬಚ್ಚಲಿದೆ. ತಿದ್ದುವ ಅಧಿಕಾರ ನನಗಿಲ್ಲ. ಅವಳ ಪೇಪರೂ ನನ್ನ ಕೊನೆಯ ಚೀಟಿಯೂ ನಿಮ್ಮ ಮುಂದಿನ ಹೂಗುಚ್ಛದ ಕೆಳಗಿವೆ. ಎಲುಬು ಸವೆದಿದೆ ಎಂದು ಒಂದೇ ಸಾಲು ಬರೆಯಿರಿ. ಉಪ್ಪಿಟ್ಟು ಆರಿದರೂ ಚಿಂತೆಯಿಲ್ಲ, ಅಲ್ಲಿಯವರೆಗೆ ನಾನು ಈ ಮೈಕು ಬಿಡುವುದಿಲ್ಲ.

ಹಾಂ, ಸಾಹೇಬರು ಪೆನ್ನು ತೆಗೆದರು.

ಇಷ್ಟು ವರ್ಷ ನನ್ನ ಕಿರಿಕಿರಿ ತಡೆದುಕೊಂಡ ನಿಮಗೆಲ್ಲ ಉಪಕಾರವಾಯಿತು... ಸಾಹೇಬ್ರ, ಮುರದದ್ದು ಬಲಗಾಲು ಅಂತನೂ ಹಾಕ್ರಿ. ಸಹಿ ಮರೀಬ್ಯಾಡ್ರಿ. ನಮಸ್ಕಾರ.