ಎಡಗಡೆ ಗಾಲಿಯ ಏಳು ಸುತ್ತು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನನ್ನ ಚಿಕ್ಕಪ್ಪನ ಮಗ ಭೀಮೇಶನಿಗೆ ಹೋದ ವರ್ಷ ಆದದ್ದು.

ಅವನ ಹೆಂಡತಿ ಮೀನಾಕ್ಷಿ ತೀರಿಹೋಗಿ ಆಗ ಒಂದು ತಿಂಗಳು. ಅವಳ ತವರಿಗೆ ಹೋಗಿದ್ದವನು ಗುಮ್ಮಘಟ್ಟದ ಹತ್ತಿರ ಕೊನೆಯ ಷೇರ್ ಆಟೋ ಇಳಿದು ಒಬ್ಬನೇ ನಡೆದು ಬರುತ್ತಿದ್ದ. ರಾತ್ರಿ ಹನ್ನೊಂದು. ಕುರಿಹಟ್ಟಿ ದಾಟಿದ. ಹಾಳುಬಾವಿ ಬಂತು. ಅಲ್ಲಿಂದ ನೂರು ಹೆಜ್ಜೆಗೆ ಅವನ ಗ್ಯಾರೇಜು, ತಗಡಿನ ಷೆಡ್ಡು. ಅವಳು ಹೋದ ದಿನ ಹಾಕಿದ ಬೀಗ ಅವನು ತೆಗೆದೇ ಇರಲಿಲ್ಲ.

ಬಾವಿ ದಾಟುತ್ತಿದ್ದಂತೆ ಕೇಳಿಸಿತು...

ಸರ್ರ್... ಸರ್ರ್... ಸರ್ರ್...

ತಗಡು ಗಾಳಿಗೆ ಬಡಿಯುವುದಲ್ಲ. ಬೇರಿಂಗಿನ ಮೇಲೆ ಗಾಲಿ ತಿರುಗುವ ಸದ್ದು. ಇಪ್ಪತ್ತು ವರ್ಷ ಅದನ್ನೇ ಕೇಳಿದ ಕಿವಿ, ತಪ್ಪುವುದಿಲ್ಲ.

ಷೆಡ್ಡಿನಲ್ಲಿ ಏನಿತ್ತು ಹೇಳುತ್ತೇನೆ. ಒಂದು ಹಳೆಯ ಕಾರು. ಭೀಮೇಶ ಅದರ ಎಂಜಿನ್ನು ಕೊರೆಸಿ, ಸೈಲೆನ್ಸರ್ ಬದಲಿಸಿ, ರೇಸಿಗೆಂದು ಹುಲಿ ಮಾಡಿದ್ದ. ಬೆಂಗಳೂರಿಗೆ ಒಯ್ದು ರೋಲರ್ ಮೇಲೆ ಗಾಲಿ ಹತ್ತಿಸಿ ಬಲ ಅಳೆಸಿದ. ಎಂಜಿನ್ನಿನಲ್ಲಿ ಹುಟ್ಟುವುದು ನೂರು ಕುದುರೆಯ ಬಲ, ಗಾಲಿಗೆ ಮುಟ್ಟುವುದು ಎಂಬತ್ತೆರಡೇ. ಉಳಿದದ್ದೆಲ್ಲ ಗೇರುಗಳು ಎಣ್ಣೆ ಕಡೆಯುವುದರಲ್ಲಿ, ಬೇರಿಂಗು ತಿಕ್ಕುವುದರಲ್ಲಿ ಕಾವಾಗಿ ಹೋಗುತ್ತಿತ್ತು.

"ಹದಿನೆಂಟು ಕುದ್ರಿ ದಾರ್ಯಾಗ ಸಾಯ್ತಾವ ಅಣ್ಣಾ," ಎಂದಿದ್ದ ನನ್ನ ಹತ್ತಿರ. ಅವನಿಗೆ ಅದೇ ಹುಚ್ಚು. ತೆಳ್ಳನೆ ಎಣ್ಣೆ ತಂದ, ಹೊಸ ಬೇರಿಂಗು ತಂದ. ಒಂದೊಂದೇ ಕುದುರೆಯನ್ನು ಗಾಲಿಗೆ ಮುಟ್ಟಿಸಬೇಕು ಎಂದು ಹಟ ಹಿಡಿದ.

ಗಂಡ ಹೆಂಡಿರದು ಒಂದು ರೂಢಿಯಿತ್ತು. ಕಾರಿನ ಮುಂಭಾಗ ಜಾಕಿ ಕೊಟ್ಟು ಎತ್ತುವುದು, ಗಾಲಿಗೆ ಸೀಮೆಸುಣ್ಣದ ಗೆರೆ ಎಳೆಯುವುದು. ಅವನು ಕೈಯಿಂದ ಬೀಸಿ ತಿರುಗಿಸಿದರೆ ಅವಳು ಸುತ್ತು ಎಣಿಸುತ್ತಿದ್ದಳು. ಹೆಚ್ಚು ಸುತ್ತಿದರೆ ತಿಕ್ಕಾಟ ಕಡಿಮೆ. ಎಣಿಸಿ ಮುಗಿದ ಮೇಲೆ ಅಂಗೈ ಒತ್ತಿ ಗಾಲಿ ನಿಲ್ಲಿಸುವವಳೂ ಅವಳೇ. ಬಳೆ ರಿಮ್ಮಿಗೆ ತಾಗಿ ಟಿಣ್ ಅನ್ನುತ್ತಿತ್ತು.

ಆ ಕೊನೆಯ ಸಂಜೆ ಎಡಗಡೆ ಗಾಲಿಯನ್ನು ಏಳಕ್ಕೇ ಹಿಡಿದುಬಿಟ್ಟಳಂತೆ.

"ಇನ್ನಾ ತಿರಗತಿತ್ತಲ್ಲ, ಯಾಕ ಹಿಡದಿ?"

"ಎದಿ ಹಿಡದಂಗ ಆಗಾಕತ್ತೈತ್ರಿ. ಇವತ್ತು ಬಿಚ್ಚಬ್ಯಾಡ್ರಿ."

"ಗ್ಯಾಸ್ ಇರಬೇಕು. ಗುಳಿಗಿ ನುಂಗಿ ಮಲಕ್ಕೋ. ಒಂದ್ ರಾತ್ರಿ ಕೆಲಸ ಅಷ್ಟ."

ಎಣ್ಣೆ ಇಳಿಸಿದ. ಗೇರ್‌ಬಾಕ್ಸು ಬಿಚ್ಚಿ ನೆಲಕ್ಕಿಟ್ಟ.

ರಾತ್ರಿ ಎರಡಕ್ಕೆ ಮೀನಾಕ್ಷಿ ಬೆವರಿನಲ್ಲಿ ತೊಯ್ದು ಎದ್ದು ಕೂತಳು. ನಮ್ಮ ಕಡೆ ಅಷ್ಟು ಜೋರು ಓಡುವ ಕಾರು ಇನ್ನೊಂದಿರಲಿಲ್ಲ. ಅದು ಷೆಡ್ಡಿನಲ್ಲಿ ತುಂಡುತುಂಡಾಗಿ ಬಿದ್ದಿತ್ತು. ಪಕ್ಕದ ಮನೆಯ ಓಬಣ್ಣನನ್ನು ಎಬ್ಬಿಸಿ ಅವನ ಹಳೇ ಆಟೋವನ್ನು ರಾಯದುರ್ಗದ ಆಸ್ಪತ್ರೆಗೆ ಹೊರಡಿಸಿದರು. ಟಕ ಟಕ ಟಕ ಟಕ... ಏರಿನಲ್ಲಿ ಇಪ್ಪತ್ತರ ಮೇಲೆ ಹೋಗಲಿಲ್ಲ. ರಾಯದುರ್ಗದ ದೀಪ ಕಾಣುವಷ್ಟರಲ್ಲಿ ಅವನ ತೊಡೆಯ ಮೇಲೆಯೇ ಅವಳು ಹೋಗಿಬಿಟ್ಟಳು. ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಮುಖ ನೋಡಿದರೆ ಕರುಳು ಕಿತ್ತು ಬರುತ್ತದೆ.

ಸರಿ. ಬಾವಿ ದಾಟಿದ, ಸದ್ದು ಕೇಳಿದ, ಬೀಗ ತೆಗೆದ. ಮೊಬೈಲಿನ ಬೆಳಕು ಬಿಟ್ಟ. ಗೇರ್‌ಬಾಕ್ಸು ಇಟ್ಟಲ್ಲೇ ಇತ್ತು, ಮೇಲೆ ಧೂಳು. ಎತ್ತಿ ನಿಲ್ಲಿಸಿದ್ದ ಕಾರಿನ ಎಡಗಡೆ ಗಾಲಿ ಮಾತ್ರ ತಿರುಗುತ್ತಿತ್ತು. ಬಿಳಿ ಗೆರೆ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು...

ಐದು... ಆರು...

ಎಣಿಸಿದ್ದು ತಾನಲ್ಲ ಎಂದು ಅವನು ಈಗಲೂ ಆಣೆ ಇಡುತ್ತಾನೆ.

ಏಳು.

ಟಿಣ್.

ಗಾಲಿ ನಿಂತಿತು. ನಿಧಾನವಾಗಿ ಅಲ್ಲ... ಒಮ್ಮೆಲೇ.

"ಮೀನಾಕ್ಷಿ..."

ಗಾಲಿಯ ಮುಂದೆ ಮೊಣಕಾಲೂರಿದ.

"ತಪ್ಪಾತು. ನಿನ್ನ ಕಾಲಿಗೆ ಬೀಳ್ತೀನಿ."

ಆಗ ಕಿವಿಯ ಹತ್ತಿರ, ಉಸಿರಿನಷ್ಟು ಮೆಲ್ಲಗೆ...

"ಲಗೂನ ಜೋಡಸ್ರಿ... ದವಾಖಾನಿಗೆ ಹೋಗಬೇಕು."

ಜೋಡಿಸಿದ. ಅಳುತ್ತ ಜೋಡಿಸಿದ. ಬೋಲ್ಟು ಕೈಜಾರಿ ಬಿದ್ದರೆ ನೆಲದ ಮೇಲೆ ತಡಕಾಡಿದ. ತೆಳ್ಳನೆ ಎಣ್ಣೆಯ ಡಬ್ಬಿ ಆಚೆ ಎಸೆದು ಮೊದಲಿನ ದಪ್ಪ ಎಣ್ಣೆಯನ್ನೇ ಹೊಯ್ದ. ಇನ್ನೂ ಕತ್ತಲಿರುವಾಗಲೇ ಕಾರು ಹೊರಗೆ ತಂದು ಎಡಬಾಗಿಲು ತೆರೆದು ಹಿಡಿದ. ಸ್ವಲ್ಪ ಹೊತ್ತು ಹಿಡಿದೇ ನಿಂತ. ಆಮೇಲೆ ಸೆರಗು ಸಿಕ್ಕೀತು ಎಂಬಂತೆ ಮೆಲ್ಲಗೆ ಮುಚ್ಚಿದ.

ಆಸ್ಪತ್ರೆಯ ಗೇಟಿಗೆ ಹದಿಮೂರು ನಿಮಿಷ. ಹದಿಮೂರೇ. ಎಣ್ಣೆ ದಪ್ಪವಿದ್ದರೂ, ಹದಿನೆಂಟು ಕುದುರೆ ದಾರಿಯಲ್ಲಿ ಸತ್ತರೂ ಹದಿಮೂರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ವಾಚ್‌ಮನ್ ಕಲ್ಲೇಶ ಓಡಿ ಬಂದು ಬಗ್ಗಿ ನೋಡಿದ. "ಪೇಷೆಂಟ್ ಎಲ್ರಿ?"

ಭೀಮೇಶ ಖಾಲಿ ಸೀಟಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. "ತಡ ಮಾಡಿ ಕರಕೊಂಡು ಬಂದ್ನಿ ಅಣ್ಣಾ," ಎಂದನಂತೆ, ಅಷ್ಟೇ.

ರೇಸಿಗೆ ಅವನು ಹೋಗಲಿಲ್ಲ. ರಾತ್ರಿ ಹೊತ್ತು ಆ ಕಾರಿನ ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ಊರಲ್ಲಿ ಯಾರಿಗೆ ಎಷ್ಟೊತ್ತಿಗೆ ಮೈ ಕೆಟ್ಟರೂ ಈಗ ಅದೇ ಕಾರು ಹೊರಡುತ್ತದೆ.

ಇನ್ನೊಂದು ಮಾತು, ಮುಗಿಸುತ್ತೇನೆ. ಬಲಗಡೆ ಗಾಲಿ ಬೀಸಿ ಬಿಟ್ಟರೆ ಒಂಬತ್ತು ಸುತ್ತು ಸುತ್ತಿ ಸುಸ್ತಾಗಿ ನಿಲ್ಲುತ್ತದೆ. ಎಡಗಡೆಯದು ಹಾಗಲ್ಲ. ಬೇರಿಂಗು ಬದಲಾಯಿಸಿ ಆಯಿತು, ಬ್ರೇಕು ಬಿಚ್ಚಿ ನೋಡಿ ಆಯಿತು. ಆಕ್ಸಲ್ಲೂ ಬಿಚ್ಚಿ ನೋಡೋಣ ಬಾರೋ ಎಂದರೆ "ಇರ್ಲಿ ಬಿಡಣ್ಣಾ" ಅನ್ನುತ್ತಾನೆ.

ಸುಳ್ಳು ಅನ್ನುವವರು ನಾಳೆ ಹಗಲಲ್ಲೇ ಬನ್ನಿ, ಜಾಕಿ ನಾನೇ ಎತ್ತುತ್ತೇನೆ. ನಾನೂ ಈ ಕೈಯಿಂದಲೇ ಬೀಸಿ ತಿರುಗಿಸಿ ಎಣಿಸಿದ್ದೇನೆ.

ಏಳು.