ಏಳನೆಯ ತಿರುವಿನ ಬೀಗ

ಜುಲೈ ತಿಂಗಳ ಒಂದು ಶನಿವಾರ. ಬೆಳಗಿನಿಂದ ಬಿಡದೆ ಹೊಯ್ದ ಮಳೆಗೆ ಮುಂಬಯಿಯ ಹಾರ್ಬರ್ ರೈಲು ಮಾರ್ಗದ ಹಳಿಗಳು ಮುಳುಗಿ, ಲೋಕಲ್‌ಗಳು ಎಲ್ಲಿದ್ದವೋ ಅಲ್ಲೇ ನಿಂತಿದ್ದವು. ವಡಾಲದ ನಮ್ಮ ಕನ್ನಡ ಸಂಘದ ವಾಚನಾಲಯಕ್ಕೆ ಪುಸ್ತಕ ಬದಲಿಸಲು ಬಂದ ನಾವು ಐದಾರು ಮಂದಿ, ಸಂಜೆ ಆರಾದರೂ ಮಹಡಿಯಿಂದ ಇಳಿಯಲಾಗದೆ ಕುಳಿತಿದ್ದೆವು. ಕೆಳಗೆ ಹೋಟೆಲು ನಡೆಸುವ ಉಡುಪಿ ಕಡೆಯ ಸುಕೇಶ್ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಕೆಟಲಿನ ತುಂಬ ಚಹಾ ಹಿಡಿದು ಮೇಲೆ ಬಂದ. "ಗಿರಾಕಿಯೇ ಇಲ್ಲ ಮಾರಾಯ್ರೆ, ನಾನೊಬ್ಬನೇ ಕೂತು ಎಂತ ಮಾಡುದು?" ಎಂದು ತಾನೂ ಒಂದು ಕುರ್ಚಿ ಎಳೆದುಕೊಂಡ.

ಮಾತು ಕೆಲಸದ ಕಡೆ ಹೊರಳಿತು. ಮಲಾಡಿನ ಸೌಮ್ಯಾ ಅಂಧೇರಿಯ ಒಂದು ಕಂಪನಿಯಲ್ಲಿದ್ದಾಳೆ. ಗೋದಾಮುಗಳಲ್ಲಿ ಮಾಲು ಎಲ್ಲೂ ತಡೆಯದೆ ಸಾಗುವಂತೆ ಮಾಡುವುದು ಅವಳ ಕೆಲಸ.

"ಒಂದು ಗೋಡೌನ್‌ನಲ್ಲಿ ಟ್ರಕ್ ಖಾಲಿ ಮಾಡೋಕೆ ಮುಂಚೆ ನೈನ್ ಮಿನಿಟ್ಸ್ ವೇಸ್ಟ್ ಆಗ್ತಿತ್ತು. ನಾವು ಟೂ ಮಿನಿಟ್ಸ್‌ಗೆ ತಂದ್ವಿ. ಸಾತ್ ಮಿನಿಟ್ ಬಚಾವ್!" ಎಂದಳು ಖುಷಿಯಿಂದ.

ಕಿಟಕಿಯ ಪಕ್ಕ ಕುಳಿತಿದ್ದ ಕಾಶಿನಾಥರು ತಲೆ ಎತ್ತಿದರು. ಅರವತ್ತೈದು ದಾಟಿದವರು, ಒಂಟಿ ಜೀವ, ಮಿತಭಾಷಿ.

"ಆ ಏಳು ನಿಮಿಷದಾಗ ಮೊದಲ ಯಾರು ಏನ ಮಾಡತಿದ್ರವ್ವಾ?"

"ಅದು… ಚೆಕ್ ಮಾಡ್ಬೇಕು ಅಂಕಲ್."

ಅವರು ಚಹಾದ ಗ್ಲಾಸನ್ನು ಕೆಳಗಿಟ್ಟರು. ಹುಟ್ಟಿದ್ದು ಇಂಡಿ ತಾಲೂಕಿನಲ್ಲಾದರೂ ಕಾಶಿನಾಥರು ಓದಿದ್ದು ಮುಂಬಯಿಯ ಕನ್ನಡ ಶಾಲೆಯಲ್ಲಿ. ದೀರ್ಘವಾಗಿ ಹೇಳತೊಡಗಿದರೆ ಅವರ ಬಾಯಲ್ಲಿ ಪುಸ್ತಕದ ಕನ್ನಡವೇ ಬರುತ್ತದೆ. ಬೇರೆಯವರ ಮಾತನ್ನು ಹೇಳುವಾಗ ಮಾತ್ರ ಊರಿನ ದನಿ. ಅಂದು ಅವರು ಹೇಳಿದ್ದು ಇದು.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಂದರಿಗೆ ಸೇರಿದ ಜಾಗದಲ್ಲಿ, ಔಷಧದ ಒಂದು ದೊಡ್ಡ ಗೋದಾಮಿದೆ. ಹೆಸರು ಕೇಳಬೇಡಿ, ಹೇಳುವುದಿಲ್ಲ. ಕಾರ್ಖಾನೆಗಳಿಂದ ಬಂದ ಪೆಟ್ಟಿಗೆಗಳು ಅಲ್ಲಿ ರಬ್ಬರಿನ ಉದ್ದನೆಯ ಬೆಲ್ಟಿನ ಮೇಲೆ ಹನ್ನೆರಡು ತಿರುವು ಸುತ್ತಿ, ಯಾವುದು ಯಾವ ಆಸ್ಪತ್ರೆಗೆ ಹೋಗಬೇಕೋ ಆ ಟೆಂಪೋದ ಬಾಗಿಲಿಗೆ ಹೋಗಿ ಇಳಿಯುತ್ತವೆ. ಆ ಬೆಲ್ಟಿನ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತವನು ನಾನು. ಬೆಲ್ಟನ್ನು ಚಾಲೂ ಮಾಡುವ ಹಸಿರು ಗುಂಡಿ ನನ್ನ ಕೈಯಲ್ಲಿತ್ತು.

ಆ ಬೆಲ್ಟು ಮೊದಲು ಹೇಗಿತ್ತು ಗೊತ್ತೇ? ಇಲ್ಲಿ ನಿಂತಿತು, ಅಲ್ಲಿ ಹರಿಯಿತು, ಟೆಂಪೋ ಹೊರಡುವುದು ತಡವಾಯಿತು… ಒಮ್ಮೆ ಮಲಾಡಿನ ಒಂದು ಆಸ್ಪತ್ರೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು, ಅವರು ಕೇಳುತ್ತಿದ್ದ ಇಂಜೆಕ್ಷನ್ನಿನ ಪೆಟ್ಟಿಗೆ ನನ್ನ ಕಣ್ಣೆದುರೇ ನಿಂತ ಬೆಲ್ಟಿನ ಮೇಲೆ ಕುಳಿತಿತ್ತು. ಆಗ ಬಂದವನು ಶರಣ. ನಮ್ಮೂರಿನ ಕಡೆಯವನು, ಫಿಟ್ಟರ್ ಕೆಲಸ ಕಲಿತಿದ್ದ, ನಾನೇ ಸೇರಿಸಿದ್ದೆ. ಅವನು ಸ್ಕ್ರೂಡ್ರೈವರಿನ ತುದಿಯನ್ನು ರೋಲರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದೊಂದು ರೋಲರಿನ ಸದ್ದನ್ನೂ ಪಟ್ಟಿಯಲ್ಲಿ ಬರೆದಿಡುತ್ತಿದ್ದ. ಸದ್ದು ಒಡೆಯಿತೋ, ಆ ರೋಲರು ಕೆಡುವ ಮುನ್ನವೇ ಬದಲಿಸುತ್ತಿದ್ದ. ಎರಡು ವರ್ಷದಲ್ಲಿ ನಮ್ಮ ಬೆಲ್ಟು ಗಡಿಯಾರದ ಹಾಗೆ ಓಡತೊಡಗಿತು. "ಬೆಲ್ಟ ನಿಂದರಬಾರದು ಕಾಶಣ್ಣಾ," ಅನ್ನುತ್ತಿದ್ದ, "ಆ ಕಡೆ ಯಾರೋ ಔಷಧಕ್ಕ ಕಾಯ್ತಿರ್ತಾರ."

ಇಷ್ಟು ಒಳ್ಳೆಯ ಕೆಲಸ ನಡೆದಲ್ಲಿ ಕೇಡು ಎಲ್ಲಿಂದ ಬಂತು ಅನ್ನುತ್ತೀರಾ? ನನ್ನಿಂದ ಬಂತು.

ಕೇಳಿ. ಬೆಲ್ಟಿನ ಒಳಗೆ ಇಳಿಯುವವನು ಮೊದಲು ಮೇನ್ ಸ್ವಿಚ್ಚನ್ನು ಇಳಿಸಿ, ಅದಕ್ಕೆ ತನ್ನ ಹೆಸರಿನ ಬೀಗ ಜಡಿದು, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕೆಂಬುದು ನಿಯಮ. ಅವನು ಹೊರಬಂದು ಬೀಗ ತೆಗೆಯುವತನಕ ದೇವರು ಬಂದು ಒತ್ತಿದರೂ ಗುಂಡಿ ಕೆಲಸ ಮಾಡುವುದಿಲ್ಲ. ಆದರೆ ಸ್ವಿಚ್ಚು ಇದ್ದದ್ದು ಗೋದಾಮಿನ ಇನ್ನೊಂದು ತುದಿಯಲ್ಲಿ, ಹೋಗಿ ಬರಲು ನಾಲ್ಕು ನಿಮಿಷ. ಅದೇ ಹೊತ್ತಿಗೆ ದೊಡ್ಡ ಸಾಹೇಬರು ನನ್ನ ಎದುರಿನ ಗೋಡೆಗೆ ಒಂದು ಪರದೆ ಹಾಕಿಸಿದ್ದರು. ಬೆಲ್ಟು ನಿಂತ ಹೊತ್ತು ಅದರಲ್ಲಿ ಕೆಂಪು ಅಂಕಿಯಲ್ಲಿ ಏರುತ್ತಿತ್ತು. ತಿಂಗಳಿಗೆ ಇಪ್ಪತ್ತು ನಿಮಿಷ ಮೀರಬಾರದು. ಆಗ ನಾನು ಒಂದು ಉಪಾಯ ಕೊಟ್ಟೆ. ಸಣ್ಣ ತೊಡಕಿಗೆಲ್ಲ ಬೀಗ ಯಾಕೆ? ಇಳಿಯುವವನು ವಾಕಿಟಾಕಿಯಲ್ಲಿ ನನಗೆ ಒಂದು ಮಾತು ಹೇಳಲಿ, ನಾನು ಗುಂಡಿ ಮುಟ್ಟದೆ ಕೂರುತ್ತೇನೆ… ನಾಲ್ಕು ನಿಮಿಷ ಉಳಿಯಿತಲ್ಲ? ಆ ಉಪಾಯಕ್ಕೆ ನನಗೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ಕೊಟ್ಟರು. ಶರಣ ಒಬ್ಬನೇ ಸ್ವಲ್ಪ ಅನುಮಾನಿಸಿದ್ದ. ಆಮೇಲೆ ನಕ್ಕು, "ನೀ ಇರೂತನಕ ನನಗೇನ ಅಂಜಿಕಿ ಅಣ್ಣಾ," ಅಂದ.

ಹತ್ತು ವರ್ಷವಾಯಿತು. ಇಂಥದೇ ಮಳೆಗಾಲ, ತಿಂಗಳ ಕೊನೆಯ ದಿನ. ಪರದೆಯ ಮೇಲೆ ಹದಿನೇಳು ನಿಮಿಷ ಇತ್ತು. ಸಂಜೆ ನಾಲ್ಕು ಹತ್ತಕ್ಕೆ ಏಳನೆಯ ತಿರುವಿನಲ್ಲಿ ಒಂದು ಪೆಟ್ಟಿಗೆ ಅಡ್ಡ ಬಿದ್ದು ಬೆಲ್ಟು ನಿಂತಿತು. ಆ ತಿರುವು ಮಾಳಿಗೆಯ ಕೆಳಗಿನ ಕತ್ತಲಲ್ಲಿದೆ, ನನಗೆ ಕಾಣುವುದಿಲ್ಲ. ವಾಕಿಟಾಕಿಯಲ್ಲಿ ಶರಣನ ದನಿ ಬಂತು: "ಕಾಶಣ್ಣಾ, ಏಳರಾಗ ಅದೀನಿ. ಚಾಲೂ ಮಾಡಬ್ಯಾಡ." ಹೂಂ ಅಂದೆ. ಅಷ್ಟರಲ್ಲಿ ಸಾಹೇಬರು ಹೊರಗಿನ ನಾಲ್ಕೈದು ಜನರನ್ನು ಕರೆದುಕೊಂಡು ಒಳಗೆ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, ಈತನೇ ನಾಲ್ಕು ನಿಮಿಷ ಉಳಿಸಿದವನು ಅಂದರು. ಬಂದವರು ನನ್ನ ಕೈಕುಲುಕಿದರು. ನಾನು ನಗುತ್ತಿದ್ದೆ… ಪರದೆಯಲ್ಲಿ ಅಂಕಿ ಏರುತ್ತಿತ್ತು, ಹದಿನೆಂಟು, ಹತ್ತೊಂಬತ್ತು… ಆಗ ಹಾದಿ ತೆರವಾಯಿತೆಂಬ ಹಸಿರು ದೀಪ ಹತ್ತಿತು. ಶರಣ ಪೆಟ್ಟಿಗೆಯನ್ನು ಎತ್ತಿದ್ದ, ಅಷ್ಟೆ. ಅವನಿನ್ನೂ ಹೊರಗೆ ಬಂದಿರಲಿಲ್ಲ.

ನಾನು ಗುಂಡಿ ಒತ್ತಿದೆ.

ದ್ವೇಷವಿತ್ತೇ? ಕುಡಿದಿದ್ದೆನೇ? ಏನೂ ಇಲ್ಲ. ಮರೆತೆ. ಎರಡು ನಿಮಿಷದ ಹಿಂದೆ ನನ್ನ ಕಿವಿಗೆ ಬಿದ್ದ ಮಾತನ್ನು ಮರೆತೆ…

ಸುಕೇಶ್ ಎದ್ದು ಕಾಶಿನಾಥರ ಗ್ಲಾಸಿಗೆ ಬಿಸಿ ಚಹಾ ಸುರಿದ. ಅವರು ಅದನ್ನು ಮುಟ್ಟಲಿಲ್ಲ.

ಆಸ್ಪತ್ರೆ ತಲುಪುವ ಮೊದಲೇ ಅವನು ಹೋಗಿದ್ದ. ಎರಡು ದಿನ ಬಿಟ್ಟು ಆಫೀಸಿನಲ್ಲಿ ನನ್ನೆದುರು ಒಂದು ಕಾಗದ ಇಟ್ಟರು. ಮೃತನು ಬೀಗ ಹಾಕದೆ, ಯಾರಿಗೂ ತಿಳಿಸದೆ ಒಳಗೆ ಇಳಿದಿದ್ದನು ಎಂದು ಅದರಲ್ಲಿತ್ತು. ಯಾರಿಗೂ ತಿಳಿಸದೆ! ಆ ಎರಡು ಪದದ ಮೇಲೆ ನನ್ನ ಕಣ್ಣು ನಿಂತಿತು. ಕೈ ನಿಲ್ಲಲಿಲ್ಲ. ಸಹಿ ಮಾಡಿದೆ. ಶರಣ ತನ್ನ ಬೇಪರ್ವಾದಿಂದ, ಅಜಾಗರೂಕತೆಯಿಂದ ಸತ್ತ ಎಂದು ಗೋದಾಮಿನಲ್ಲೆಲ್ಲ ಮಾತಾಯಿತು, ಅವನ ಊರಿಗೂ ಅದೇ ಮಾತು ಹೋಯಿತು. ಅವನ ಹೆಂಡತಿ ಚಂದ್ರವ್ವನಿಗೆ ಅಲ್ಲೇ ಪ್ಯಾಕಿಂಗ್ ಕೆಲಸ ಕೊಟ್ಟರು. ಆಕೆ ದಿನಾ ಬೆಳಿಗ್ಗೆ ನನ್ನನ್ನು ಕಂಡಾಗ, "ಆರಾಮ ಅದೀರೇನ್ರಿ ಅಣ್ಣಾರ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಆ ಒಂದು ಮಾತನ್ನು ತಡೆದುಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ?

ಅವನು ಹೋದ ಹನ್ನೆರಡನೆಯ ದಿನ ಶುರುವಾಯಿತು. ಸಂಜೆ ನಾಲ್ಕು ಹತ್ತಕ್ಕೆ ಬೆಲ್ಟು ತಾನಾಗಿ ನಿಂತಿತು. ಅಪಘಾತದ ಮೇಲೆ ತಿರುವುಗಳಲ್ಲಿ ಹೊಸದಾಗಿ ಸೆನ್ಸರ್ ಕೂರಿಸಿದ್ದರು. ಏಳನೆಯ ತಿರುವಿನಲ್ಲಿ ಮನುಷ್ಯನಿದ್ದಾನೆ ಎಂದು ನನ್ನ ಪರದೆಯ ಮೇಲೆ ಅಕ್ಷರ ಮೂಡಿತು. ಓಡಿ ಹೋಗಿ ನೋಡಿದರು. ಯಾರೂ ಇಲ್ಲ. ನಾಲ್ಕು ನಿಮಿಷ ಕಳೆದು ಬೆಲ್ಟು ತಾನೇ ಹೊರಟಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ… ಸೆನ್ಸರನ್ನು ಮೂರು ಸಲ ಬದಲಿಸಿದರು. ಪುಣೆಯಿಂದ ಇಂಜಿನಿಯರುಗಳು ಬಂದು ಇಲಿ ಅಂದರು, ಧೂಳು ಅಂದರು, ಮಳೆಯ ಥಂಡಿ ಅಂದರು. ಕೊನೆಗೆ ಆ ತಿರುವಿನ ಸೆನ್ಸರನ್ನು ಕಿತ್ತೇ ಹಾಕಿದರು. ಆದರೂ ನಾಲ್ಕು ಹತ್ತಕ್ಕೆ ಬೆಲ್ಟು ನಿಂತಿತು, ಪರದೆಯ ಮೇಲೆ ಅದೇ ಅಕ್ಷರ ಮೂಡಿತು. ಇನ್ನೊಂದು ಹೇಳುತ್ತೇನೆ… ಬೆಲ್ಟು ಮತ್ತೆ ಹೊರಟಾಗ ಆ ತಿರುವಿನಿಂದ ಬರುವ ಪೆಟ್ಟಿಗೆಗಳೆಲ್ಲ ನೆಟ್ಟಗೆ ಕುಳಿತಿರುತ್ತಿದ್ದವು, ಚೀಟಿ ಮೇಲ್ಮುಖವಾಗಿ, ಯಾರೋ ಒಂದೊಂದನ್ನೇ ಕೈಯಿಂದ ಸರಿಮಾಡಿ ಕಳಿಸಿದ ಹಾಗೆ.

ಇದೆಲ್ಲ ಇಡೀ ಗೋದಾಮಿಗೇ ಗೊತ್ತಿದ್ದ ಸಂಗತಿ. ನನಗೊಬ್ಬನಿಗೇ ಗೊತ್ತಿದ್ದದ್ದು ಬೇರೆ. ಬೆಲ್ಟು ನಿಂತ ಕೂಡಲೇ ನನ್ನ ವಾಕಿಟಾಕಿ ಕರಕರ ಅನ್ನುತ್ತಿತ್ತು. "ಕಾಶಣ್ಣಾ, ಏಳರಾಗ ಅದೀನಿ…" ಬ್ಯಾಟರಿ ತೆಗೆದಿಟ್ಟೆ. ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದೆ. ಖಾನೆಯ ಒಳಗಿನಿಂದಲೂ ಅದೇ ದನಿ. ಸಿಟ್ಟಿಲ್ಲ, ಅಳುವಿಲ್ಲ, ಅವನು ದಿನಾ ಹೇಳುತ್ತಿದ್ದ ಹಾಗೆಯೇ, ನನ್ನ ಮೇಲೆ ಪೂರ್ತಿ ನಂಬಿಕೆಯಿಟ್ಟು… ಎರಡು ವರ್ಷ ಕೇಳಿದೆ. ಗೋಡೆ ನೋಡುತ್ತ ಕೇಳಿದೆ.

ಒಂದು ದಿನ ಚಂದ್ರವ್ವ ಯಾವುದೋ ಪಟ್ಟಿ ಕೊಡಲು ನನ್ನ ರೂಮಿಗೆ ಬಂದಳು. ಗಡಿಯಾರ ನೋಡಿದೆ, ನಾಲ್ಕು ಒಂಬತ್ತು. ಹೋಗವ್ವಾ, ಆಮೇಲೆ ಬಾ ಅನ್ನುವಷ್ಟರಲ್ಲಿ ಬೆಲ್ಟು ನಿಂತಿತು. ಖಾನೆಯೊಳಗೆ ದನಿ ಎದ್ದಿತು: "ಕಾಶಣ್ಣಾ, ಏಳರಾಗ ಅದೀನಿ. ಚಾಲೂ ಮಾಡಬ್ಯಾಡ."

ಆಕೆಯ ಕೈಯಿಂದ ಕಾಗದ ಜಾರಿತು.

"ಇದು ಅವರ ದನಿ," ಅಂದಳು. ಮತ್ತೆ ನನ್ನತ್ತ ತಿರುಗಿ, "ಅವತ್ತು ಅವರು ನಿಮಗ ಹೇಳಿದ್ರು. ಹೌದಿಲ್ರಿ?"

"ಹೇಳಿದ್ದನವ್ವಾ. ನಾ ಮರೆತೆ. ಮರೆತು ಗುಂಡಿ ಒತ್ತಿದೆ."

ಬೈಯುತ್ತಾಳೆ, ಮೈಮೇಲೆ ಬರುತ್ತಾಳೆ ಅಂದುಕೊಂಡೆ. ಬಂದಿದ್ದರೆ ಒಳ್ಳೆಯದಿತ್ತು. ಆಕೆ ನನ್ನ ಮೇಜಿನ ಅಂಚು ಹಿಡಿದು ನಿಂತಳು. "ಮಗಾ ಬೇಪರ್ವಾ ಮಾಡಿ ಜೀವ ಕಳಕೊಂಡ ಅಂತ ನಮ್ಮ ಮಾವ ಮಂದಿಗೆ ಮಾರಿ ತೋರಿಸಲಿಲ್ಲ ಅಣ್ಣಾರ. ಅದ ಕೊರಗಿನಾಗ ಹೋದ ವರ್ಷ ಸತ್ತರು," ಅಂದಳು. ಒಳಗೆ ಮತ್ತೆ ಅದೇ ದನಿ. ಆಗ ಆಕೆ ಹೇಳಿದ ಮಾತು ಇಂದಿಗೂ ನನ್ನ ಎದೆಯಲ್ಲಿದೆ: "ಎರಡು ವರ್ಷ ಆತು, ಒದರಾಕತ್ತಾರ. ಒಮ್ಮೆರ ಓ ಅಂದೀರೇನ್ರಿ?"

ಇಲ್ಲ. ಒಮ್ಮೆಯೂ ಓ ಅಂದಿರಲಿಲ್ಲ.

ಖಾನೆ ತೆಗೆದೆ. ಬ್ಯಾಟರಿಯಿಲ್ಲದ ಆ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದು, "ಕೇಳಿಸೇತಿ ತಮ್ಮಾ," ಅಂದೆ. "ಗುಂಡಿ ಮ್ಯಾಲ ಕೈ ಇಟ್ಟಿಲ್ಲ. ನೀ ಹೊರಗ ಬಾ."

ಬಹಳ ಹೊತ್ತು ಬರೀ ಕರಕರ… ಆಮೇಲೆ, ಭಾರ ಎತ್ತಿಟ್ಟವನು ಉಸಿರು ಬಿಡುವ ಹಾಗೆ ಒಂದು ಉಸಿರು. "ಬಂದೆ ಅಣ್ಣಾ," ಅಂದ. ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು.

ಅಂದೇ ಸಂಜೆ ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟೆ. ನನ್ನನ್ನು ಕೆಲಸದಿಂದ ತೆಗೆದರು, ಅದು ನ್ಯಾಯ. ವರದಿಯನ್ನು ತಿದ್ದಿದರು. ಚಂದ್ರವ್ವ ಆ ಕಾಗದವನ್ನು ಊರಿಗೆ ಒಯ್ದು, ಮಾವನ ಸಮಾಧಿಯ ಮುಂದೆ ನಿಂತು, ಮಂದಿಯ ಎದುರು ಗಟ್ಟಿಯಾಗಿ ಓದಿದಳಂತೆ. ನನ್ನ ಉಪಾಯವನ್ನು ಕೈಬಿಟ್ಟರು. ಸ್ವಿಚ್ಚನ್ನು ಏಳನೆಯ ತಿರುವಿನ ಪಕ್ಕಕ್ಕೇ ತಂದರು. ಎಷ್ಟು ಹೊತ್ತಿನ ಕೆಲಸ ಗೊತ್ತೇ ಅದು? ಒಂದು ಮಧ್ಯಾಹ್ನ. ಇಬ್ಬರು ವೈರ್‌ಮನ್‌ಗಳು, ಒಂದು ಸುತ್ತು ಕೇಬಲ್ಲು. ಶರಣ ಬದುಕಿದ್ದಾಗ ಅಷ್ಟನ್ನು ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವು ಅವನ ನಾಲ್ಕು ನಿಮಿಷವನ್ನು ನೋಡಿದೆವು, ಅವನು ನಡೆಯಬೇಕಾಗಿದ್ದ ದೂರವನ್ನು ನೋಡಲಿಲ್ಲ.

"ಆಮೇಲೆ ಬೆಲ್ಟ್ ನಿಲ್ಲೋದು ಬಂದ್ ಆಯ್ತಾ ಅಂಕಲ್?" ಎಂದು ಸೌಮ್ಯಾ ಮೆಲ್ಲಗೆ ಕೇಳಿದಳು. ಅವಳ ಕಣ್ಣು ತುಂಬಿತ್ತು.

ತಾನಾಗಿ ನಿಲ್ಲುವುದು ಬಂದಾಯಿತು ಮಗಳೇ. ಈಗ ಅವನು ನಿಯಮದ ಪ್ರಕಾರ ನಿಲ್ಲಿಸುತ್ತಾನೆ. ನಾಲ್ಕು ಹತ್ತಕ್ಕೆ ಹೊಸ ಸ್ವಿಚ್ಚು ಕೆಳಗಿಳಿದಿರುತ್ತದೆ, ಅದಕ್ಕೆ ಅವನ ಹೆಸರಿನ ಒಂದು ಬೀಗ ಬಿದ್ದಿರುತ್ತದೆ. ಗೋಡೆಯ ಮೊಳೆಗೆ ತೂಗುಹಾಕಿದ ಕೆಲಸಗಾರರ ಬೀಗಗಳಲ್ಲಿ ಒಂದೂ ಕಡಿಮೆಯಾಗಿರುವುದಿಲ್ಲ. ಒಮ್ಮೆ ಹೊಸ ಇಂಜಿನಿಯರೊಬ್ಬ ಕಟರ್ ತಂದು ಕತ್ತರಿಸಲು ಹೋಗಿ, ಬೀಗ ಮುಟ್ಟಿದವನೇ ಕೈ ಹಿಂದೆ ತೆಗೆದ. ಬೆಚ್ಚಗಿತ್ತಂತೆ. ಈಗ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ನಾಲ್ಕು ನಿಮಿಷ ಕೈಕಟ್ಟಿ ನಿಂತು ಕಾಯುತ್ತಾರೆ, ಬೀಗ ತಾನೇ ಇಲ್ಲವಾಗುತ್ತದೆ. ಆ ಭಾಗಕ್ಕೆ ಈಗ ಚಂದ್ರವ್ವನೇ ಮೇಲ್ವಿಚಾರಕಿ. ಆಗಾಗ ನನಗೆ ಫೋನು ಮಾಡುತ್ತಾಳೆ.

ಹೋದ ಗುರುವಾರವೂ ಮಾಡಿದ್ದಳು. "ಅಣ್ಣಾರ, ನಿಮ್ಮ ತಬ್ಯೇತಿ ಹೆಂಗೈತ್ರಿ?" ಎಂದು ಮೊದಲು ಕೇಳಿದಳು. ಎದೆಯಲ್ಲಿ ಸ್ವಲ್ಪ ನೋವಿದೆ, ಡಾಕ್ಟರಿಗೆ ತೋರಿಸಿದ್ದೇನೆ ಅಂದೆ. ಯಾಕವ್ವಾ ಕೇಳತಿ ಅಂದೆ.

"ಇವತ್ತ ಸ್ವಿಚ್ಚಿಗೆ ಎರಡು ಬೀಗ ಬಿದ್ದಾವ್ರಿ," ಅಂದಳು. "ಒಂದರ ಮ್ಯಾಲ ಅವರ ಹೆಸರೈತಿ. ಇನ್ನೊಂದರ ಮ್ಯಾಲ ನಿಮ್ಮದು."

ನನಗೆ ಆ ಗೋದಾಮಿನಲ್ಲಿ ಯಾವತ್ತೂ ಬೀಗ ಕೊಟ್ಟಿರಲಿಲ್ಲ. ನಾನು ಕಂಟ್ರೋಲ್ ರೂಮಿನವನು, ಒಳಗೆ ಇಳಿಯುವವನಲ್ಲ…

ನಿಮ್ಮದನ್ನು ತೆಗೆಸಲೇನು ಎಂದು ಕೇಳಿದಳು. ಬ್ಯಾಡವ್ವಾ ಅಂದೆ. ಅವನ ಬೀಗ ಎಂದಿನಂತೆ ನಾಲ್ಕು ನಿಮಿಷಕ್ಕೆ ಇಲ್ಲವಾಯಿತಂತೆ, ಬೆಲ್ಟೂ ಓಡಿತಂತೆ. ನನ್ನದು ಮಾತ್ರ ಸ್ವಿಚ್ಚಿನ ಕೊಂಡಿಯಲ್ಲಿ ಬಾಯಿ ತೆರೆದುಕೊಂಡು, ನಾನು ಬಂದು ಜಡಿಯಲೆಂದು ಕಾಯುವ ಹಾಗೆ ತೂಗುತ್ತಿದೆ. ಇವತ್ತು ಮಧ್ಯಾಹ್ನವೂ ಕೇಳಿದೆ… ಇನ್ನೂ ಅಲ್ಲೇ ಇದೆಯಂತೆ.